ಒಂದೇ ಟೈರ್, ಒಂದೇ ಸೈಜ್. ಭಾವನ ಕಾರಿನಲ್ಲಿ ಹಿಡಿಯುತ್ತದೆ, ನನ್ನದರಲ್ಲಿ ಜಾರುತ್ತದೆ. ಲ್ಯಾಬ್ ಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ವಾ?

ಕಟಪಾಡಿ_ಹ್ಯಾಚ್‌ಬ್ಯಾಕ್

ಎಲ್ಲರಿಗೂ ನಮಸ್ಕಾರ. ಟೈರ್ ಬಗ್ಗೆ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಬೇಕು.

ಮಳೆಗಾಲ ಶುರುವಾಗುವ ಮೊದಲು ನನ್ನ ಹ್ಯಾಚ್‌ಬ್ಯಾಕ್‌ಗೆ ಹೊಸ ಟೈರ್ ಹಾಕಿಸಿದೆ. 185/65 ಆರ್15, 88ಎಚ್. ಮಂಗಳೂರಿನಲ್ಲಿರುವ ಭಾವನದ್ದು ಸೆಡಾನ್, ಅವರೂ ಅದೇ ಕಂಪನಿಯ ಅದೇ ಮಾದರಿ, ಅದೇ ಸೈಜ್ ಹಾಕಿಸಿದ್ದಾರೆ. ಅವರ ಕಾರನ್ನು ನಾನೇ ಮಳೆಯಲ್ಲಿ ಮೂಲ್ಕಿಯಿಂದ ಉಡುಪಿಗೆ ಓಡಿಸಿಕೊಂಡು ಬಂದಿದ್ದೇನೆ, ಎಲ್ಲೂ ಒಂಚೂರು ಅಲುಗಲಿಲ್ಲ. ನನ್ನ ಕಾರಿನಲ್ಲಿ ಅದೇ ಹೆದ್ದಾರಿಯಲ್ಲಿ ಒದ್ದೆ ತಿರುವು ಬಂದಾಗ, ಅದರಲ್ಲೂ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಕೂಡಲೇ, ಹಿಂಬದಿ ಹೊರಗೆ ಸರಿದ ಹಾಗೆ ಆಗುತ್ತದೆ. ಸ್ಪೀಡೇನೂ ಜಾಸ್ತಿ ಇರುವುದಿಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ, ಮಕ್ಕಳು ಇರುತ್ತಾರೆ, ಹಾಗಾಗಿ ಭಯ ಉಂಟು.

ಟೈರ್‌ನ ಬದಿಯಲ್ಲಿ ಟ್ರಾಕ್ಷನ್ ಎ, ಟೆಂಪರೇಚರ್ ಎ, ಟ್ರೆಡ್‌ವೇರ್ 320 ಎಂದು ಅಚ್ಚು ಹಾಕಿದ್ದಾರೆ. ಅಂದರೆ ಯಾವುದೋ ಲ್ಯಾಬ್‌ನಲ್ಲಿ ಪರೀಕ್ಷೆ ಆಗಿಯೇ ಬಂದದ್ದು ಅಲ್ವಾ? ಎರಡೂ ಕಾರಿಗೆ ಒಂದೇ ಟೈರ್ ಆದರೆ ಹಿಡಿತವೂ ಒಂದೇ ಇರಬೇಕಲ್ಲ. ಈ ಪರೀಕ್ಷೆಯಲ್ಲಿ ಎಂತ ನೋಡುತ್ತಾರೆ, ಟೈರನ್ನು ಮಾತ್ರವಾ ಅಥವಾ ಕಾರಿನ ಜೊತೆ ಸೇರಿಸಿಯಾ? ಗೊತ್ತಿದ್ದವರು ಹೇಳಿ.

ಪಂಪ್‌ವೆಲ್_ಟ್ಯಾಕ್ಸಿ

ಮೊದಲು ಗಾಳಿ ನೋಡಿ ಮಾರಾಯ್ರೆ. ನಾಲ್ಕಕ್ಕೂ ಸರಿ ಉಂಟಾ? ಕೆಲವು ಬಂಕ್‌ಗಳ ಮೀಟರ್ ತೋರಿಸುವುದೇ ಒಂದು, ಒಳಗೆ ಇರುವುದೇ ಒಂದು. ಬೇರೆ ಬೇರೆ ಎರಡು ಕಡೆ ಚೆಕ್ ಮಾಡಿಸಿ. ಮತ್ತೆ ಬೇಸಿಗೆ ಕಳೆದು ಮೊದಲ ಮಳೆ ಬಿದ್ದಾಗ ರಸ್ತೆಯ ಮೇಲಿನ ಧೂಳು, ಎಣ್ಣೆ ಎಲ್ಲ ಸೇರಿ ಜಾರುತ್ತದೆ, ಅದು ಯಾವ ಟೈರ್ ಆದರೂ ಅಷ್ಟೇ. ಆದರೆ ನೀವು ಹೇಳುವುದು ಪ್ರತಿ ಮಳೆಯಲ್ಲೂ ಆಗುತ್ತದೆ ಅಂತಾದರೆ ಬೇರೆ ಏನೋ ಉಂಟು.

ಹೆಮ್ಮಾಡಿ_ರಿಗ್

ನಾನು ಊರು ಬಿಟ್ಟು ಹೊರಗೆ ಟೈರ್ ಪರೀಕ್ಷೆಯ ಕೆಲಸದಲ್ಲೇ ಇರುವವನು. ಪ್ರಶ್ನೆ ತುಂಬಾ ಒಳ್ಳೆಯದು, ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಬದಿಯಲ್ಲಿರುವ ಆ ಅಕ್ಷರಗಳ ವಿಷಯ. ಅದು ಅಮೆರಿಕದ ಪದ್ಧತಿ. ಟ್ರಾಕ್ಷನ್ ಪರೀಕ್ಷೆಯನ್ನು ಒಂದು ಟ್ರೈಲರ್‌ಗೆ ಟೈರ್ ಹಾಕಿ ಮಾಡುತ್ತಾರೆ. ಒದ್ದೆ ಮಾಡಿದ ಡಾಂಬರು ಮತ್ತು ಕಾಂಕ್ರೀಟ್ ಮೇಲೆ ಗಂಟೆಗೆ 40 ಮೈಲಿ, ಅಂದರೆ ಸುಮಾರು 65 ಕಿಮೀ ವೇಗದಲ್ಲಿ ಎಳೆದುಕೊಂಡು ಹೋಗಿ ಚಕ್ರವನ್ನು ಪೂರ್ತಿ ಲಾಕ್ ಮಾಡಿ ಎಷ್ಟು ಹಿಡಿಯಿತು ಎಂದು ಅಳೆಯುತ್ತಾರೆ. ನೇರ ರಸ್ತೆ, ನೇರ ಬ್ರೇಕ್, ಅಷ್ಟೇ. ತಿರುವಿನಲ್ಲಿ ಹೇಗೆ, ನೀರು ನಿಂತಲ್ಲಿ ತೇಲುತ್ತದಾ ಎನ್ನುವುದಕ್ಕೆ ಆ 'ಎ' ಅಕ್ಷರದಲ್ಲಿ ಉತ್ತರ ಇಲ್ಲ. ಟೆಂಪರೇಚರ್ ಪರೀಕ್ಷೆ ಒಳಾಂಗಣದ ಡ್ರಮ್ ಮೇಲೆ ನಡೆಯುತ್ತದೆ. ಟ್ರೆಡ್‌ವೇರ್ ಮಾತ್ರ ಟೆಕ್ಸಾಸ್‌ನಲ್ಲಿ ನಿಜವಾದ ರಸ್ತೆಯಲ್ಲಿ 7,200 ಮೈಲಿ ಓಡಿಸಿ, ಮಾದರಿ ಟೈರ್‌ನ ಸವೆತದ ಜೊತೆ ಹೋಲಿಸಿ ಕೊಡುವ ಸಂಖ್ಯೆ. ಮಾದರಿ ಟೈರ್‌ಗೆ 100 ಎಂದಿಟ್ಟರೆ ನಿಮ್ಮದಕ್ಕೆ 320.

ನಮ್ಮ ದೇಶದಲ್ಲಿ ಈಗ ಎಐಎಸ್-142 ಎಂಬ ಮಾನದಂಡ ಉಂಟು. 2022ರಿಂದ ಹಂತ ಹಂತವಾಗಿ ಬಂತು. ಉರುಳುವ ಪ್ರತಿರೋಧ, ಒದ್ದೆ ರಸ್ತೆಯ ಹಿಡಿತ, ಶಬ್ದ, ಈ ಮೂರಕ್ಕೂ ಮಿತಿ ಇದೆ. ಒದ್ದೆ ಹಿಡಿತವನ್ನು ಅಳೆಯುವ ಒಂದು ವಿಧಾನದಲ್ಲಿ ಕಾರಿಗೇ ಟೈರ್ ಹಾಕಿ, ಸುಮಾರು ಒಂದು ಮಿಲಿಮೀಟರ್ ನೀರಿರುವ ಟ್ರ್ಯಾಕ್ ಮೇಲೆ 80ರಿಂದ 20 ಕಿಮೀ ವೇಗಕ್ಕೆ ಇಳಿಯುವ ತನಕ ಬ್ರೇಕ್ ಒತ್ತಿ, ಅದೇ ಕಾರಿಗೆ ಹೋಲಿಕೆ ಟೈರ್ ಹಾಕಿ ಮಾಡಿದ ಫಲಿತಾಂಶದ ಜೊತೆ ಭಾಗಿಸಿ ನೋಡುತ್ತಾರೆ. ಸಾಮಾನ್ಯ ಕಾರ್ ಟೈರ್‌ಗೆ ಆ ಅನುಪಾತ ಕನಿಷ್ಠ 1.1 ಬರಬೇಕು. ಇಲ್ಲಿ ಕಾರು ಬಂತು ನಿಜ, ಆದರೆ ಹೀಗೆ ಭಾಗಿಸುವುದೇ ಕಾರಿನ ಪ್ರಭಾವವನ್ನು ಆದಷ್ಟು ತೆಗೆದುಹಾಕುವುದಕ್ಕೆ. ಮತ್ತೆ ಅದೂ ನೇರ ಬ್ರೇಕ್, ಅದೂ ಹೊಸ ಟೈರ್. ಯೂರೋಪಿನಲ್ಲಿ 2024ರ ಜುಲೈನಿಂದ ಹೊಸ ಮಾದರಿಯ ಕಾರ್ ಟೈರ್‌ಗಳನ್ನು ಸವೆದ ಸ್ಥಿತಿಯಲ್ಲೂ ಒದ್ದೆಯಲ್ಲಿ ಪರೀಕ್ಷೆ ಮಾಡಬೇಕು ಎಂದು ನಿಯಮ ತಂದಿದ್ದಾರೆ, ಅದು ನಮ್ಮ ಕರಾವಳಿಯಂಥ ಕಡೆಗೆ ತುಂಬಾ ಬೇಕಾದ ನಿಯಮ ಎಂದು ನನ್ನ ಅಭಿಪ್ರಾಯ.

ಈಗ ನಿಮ್ಮ ಅಸಲಿ ಪ್ರಶ್ನೆಗೆ ಬರುತ್ತೇನೆ. ಲ್ಯಾಬ್‌ನಲ್ಲಿ ಟೈರನ್ನು ಒಂಟಿಯಾಗಿ ಅಳೆಯುವ ಮುಖ್ಯ ಯಂತ್ರ ಹೇಗಿರುತ್ತದೆ ಎಂದರೆ, ಎರಡು ದೊಡ್ಡ ಡ್ರಮ್‌ಗಳ ನಡುವೆ ಬಿಗಿಯಾಗಿ ಎಳೆದ ಉಕ್ಕಿನ ಬೆಲ್ಟ್. ಬೆಲ್ಟ್ ಮೇಲೆ ಉಪ್ಪುಕಾಗದದಂಥ ಒರಟು ಪದರ ಅಂಟಿಸಿರುತ್ತಾರೆ. ಟೈರ್ ಕೂರುವ ಜಾಗದಲ್ಲಿ ಬೆಲ್ಟ್ ಕೆಳಗೆ ಗಾಳಿ ಅಥವಾ ನೀರಿನ ತೆಳು ಪದರದ ಬೇರಿಂಗ್, ಹಾಗಾಗಿ ಅದು ಬಗ್ಗುವುದಿಲ್ಲ. ಮೇಲಿನಿಂದ ಟೈರನ್ನು ಬೇಕಾದಷ್ಟು ಭಾರದಲ್ಲಿ ಒತ್ತಿ, ಬೆಲ್ಟ್ ಓಡಿಸಿ, ಟೈರನ್ನು ನಿಧಾನಕ್ಕೆ ಎಡಕ್ಕೆ ಬಲಕ್ಕೆ ತಿರುಗಿಸುತ್ತಾರೆ. ಹಬ್‌ನಲ್ಲಿರುವ ಸೆನ್ಸರ್ ಮೂರು ದಿಕ್ಕಿನ ಬಲ, ಮೂರು ದಿಕ್ಕಿನ ತಿರುಚು ಬರೆದುಕೊಳ್ಳುತ್ತದೆ. ಅಮೆರಿಕದ ಬಫಲೋದಲ್ಲಿರುವ ಕ್ಯಾಲ್‌ಸ್ಪಾನ್ ಎಂಬ ಪರೀಕ್ಷಾ ಸಂಸ್ಥೆಯ ಯಂತ್ರ 1970ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ. ಮಿನೆಸೋಟದ ಎಂಟಿಎಸ್ ಕಂಪನಿಯ ಫ್ಲಾಟ್-ಟ್ರ್ಯಾಕ್ ಈಗ ಹಲವು ದೇಶಗಳಲ್ಲಿ ಉಂಟು. ಬರೀ ಡ್ರಮ್ ಮೇಲೆ ಓಡಿಸಿದರೆ ರಸ್ತೆಯೇ ಬಗ್ಗಿದ ಹಾಗಾಗಿ ಟೈರ್ ನೆಲ ಮುಟ್ಟುವ ಜಾಗದ ಆಕಾರ ಬದಲಾಗುತ್ತದೆ, ಅದಕ್ಕೇ ಈ ಚಪ್ಪಟೆ ಬೆಲ್ಟ್.

ಸ್ಕ್ರೀನ್ ಮೇಲೆ ಗ್ರಾಫ್ ಬರುವುದನ್ನು ನೋಡಬೇಕು. ಟೈರ್ ಸ್ವಲ್ಪ ತಿರುಗಿದಾಗ ಬದಿಯ ಬಲ ನೇರ ಗೆರೆಯಲ್ಲಿ ಏರುತ್ತದೆ, ಆಮೇಲೆ ಬಾಗುತ್ತದೆ, ಒಂದು ಕಡೆ ತುದಿ ಮುಟ್ಟಿ ಚಪ್ಪಟೆಯಾಗುತ್ತದೆ. ಸ್ಟೇರಿಂಗ್ ಅನ್ನು ನೇರಕ್ಕೆ ಎಳೆಯುವ ತಿರುಚು ಮಾತ್ರ ಅದಕ್ಕಿಂತ ಮೊದಲೇ ತುದಿ ಮುಟ್ಟಿ ಇಳಿಯಲು ಶುರು ಮಾಡುತ್ತದೆ. ಮುಂದಿನ ಟೈರ್ ಪೂರ್ತಿ ಜಾರುವ ಮೊದಲೇ ಸ್ಟೇರಿಂಗ್ ಹಗುರ ಆದದ್ದು ನಿಮ್ಮ ಕೈಗೆ ಗೊತ್ತಾಗುವುದು ಇದರಿಂದಲೇ. ಈ ಮಾತು ನೆನಪಿಟ್ಟುಕೊಳ್ಳಿ, ನಿಮ್ಮ ತೊಂದರೆಗೆ ಇದು ಬೇಕಾಗುತ್ತದೆ ಎಂದು ನನಗೆ ಅನುಮಾನ.

ಆದರೆ ಇಷ್ಟೆಲ್ಲ ಅಳೆದರೂ ಅದು ಟೈರ್ ಒಂದರ ಗುಣ. ಕಾರಿಗೆ ಹಾಕಿದ ಮೇಲೆ ಆ ಟೈರ್ ಮೇಲೆ ಎಷ್ಟು ಭಾರ ಬೀಳುತ್ತದೆ, ತಿರುವಿನಲ್ಲಿ ಎಷ್ಟು ಭಾರ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುತ್ತದೆ, ಸಸ್ಪೆನ್ಷನ್ ಬಾಗಿ ಟೈರ್ ಎಷ್ಟು ವಾಲುತ್ತದೆ, ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ಬ್ರೇಕನ್ನು ಹೇಗೆ ಹಿಡಿದು ಬಿಡುತ್ತದೆ, ಎಲ್ಲ ಸೇರಿ ಹಿಡಿತ ನಿರ್ಧಾರ ಆಗುತ್ತದೆ. ಸೆಡಾನ್‌ಗೂ ಹ್ಯಾಚ್‌ಬ್ಯಾಕ್‌ಗೂ ಅದೇ ಟೈರ್ ಬೇರೆ ಬೇರೆ ಕೆಲಸ ಮಾಡುತ್ತದೆ. ಇದಕ್ಕಾಗಿ ಕಾರಿನ ಜೊತೆ ಸೇರಿಸಿ ಮಾಡುವ ಲ್ಯಾಬ್ ಪರೀಕ್ಷೆಯೂ ಉಂಟು, ಅದನ್ನು ಇನ್ನೊಂದು ಉತ್ತರದಲ್ಲಿ ಬರೆಯುತ್ತೇನೆ. ಅದಕ್ಕೆ ಮೊದಲು ನೀವು ಒಂದು ಹೇಳಿ: ನಾಲ್ಕೂ ಟೈರ್ ಹೊಸದಾ?

ಕಾರ್ಕಳ_ಟೈರ್‌ನವ

ನಾನು ಕೇಳಬೇಕೆಂದಿದ್ದನ್ನೇ ಹೆಮ್ಮಾಡಿಯವರು ಕೇಳಿದರು. ಅಂಗಡಿಯಲ್ಲಿ ಇಂಥ ಕೇಸ್ ಬಂದರೆ ನಾನು ಮೊದಲು ಕಾರಿನ ಹಿಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂರುತ್ತೇನೆ. ಎಷ್ಟೋ ಜನ ಮುಂದಿನ ಟೈರ್ ಮಾತ್ರ ನೋಡುತ್ತಾರೆ, ಯಾಕೆಂದರೆ ಸ್ಟೇರಿಂಗ್ ತಿರುಗಿಸಿದರೆ ಅದು ಕಣ್ಣಿಗೆ ಕಾಣುತ್ತದೆ. ಹಿಂದಿನದ್ದು ಒಳಬದಿಯಲ್ಲಿ ಬೋಳಾಗಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ.

ನೀವು ಮಾಡಬೇಕಾದ್ದು ಇಷ್ಟು. ನಾಲ್ಕೂ ಟೈರ್‌ನ ಗೆರೆಯ ಆಳ ಅಳೆಯಿರಿ, ಒಳಗೆ, ನಡುವೆ, ಹೊರಗೆ ಮೂರು ಜಾಗದಲ್ಲಿ. ಗೇಜ್ ಇಲ್ಲದಿದ್ದರೆ ಯಾವ ಟೈರ್ ಅಂಗಡಿಯಲ್ಲೂ ಸುಮ್ನೆ ಅಳೆದು ಕೊಡುತ್ತಾರೆ, ದುಡ್ಡು ಕೇಳುವುದಿಲ್ಲ. ಗೆರೆಯ ಒಳಗೆ ಸಣ್ಣ ದಿಬ್ಬ ಇರುತ್ತದೆ, ಬದಿಯಲ್ಲಿ ಟಿಡಬ್ಲ್ಯೂಐ ಎಂದು ಗುರುತು ಇರುತ್ತದೆ, ಅದು 1.6 ಮಿಮೀ ಎತ್ತರ. ಅದರ ಮಟ್ಟಕ್ಕೆ ಟ್ರೆಡ್, ಅಂದರೆ ರಸ್ತೆ ಮುಟ್ಟುವ ಗೆರೆಗಳ ಪದರ, ಬಂದರೆ ಟೈರ್ ಮುಗಿಯಿತು. ಆದರೆ ನಮ್ಮ ಕಡೆಯ ಮಳೆಗೆ ಅಲ್ಲಿಯವರೆಗೆ ಕಾಯಬಾರದು. 3 ಮಿಮೀ ಆದಾಗಲೇ ನಾನು ಗಿರಾಕಿಗಳಿಗೆ ಹೇಳಿಬಿಡುತ್ತೇನೆ.

ಮತ್ತೆ ನಾಲ್ಕು ಅಂಕಿಯ ತಾರೀಕು ನೋಡಿ. 1421 ಎಂದಿದ್ದರೆ 2021ರ 14ನೇ ವಾರದಲ್ಲಿ ತಯಾರಾದದ್ದು. ಟ್ರೆಡ್ ಇದ್ದರೂ ರಬ್ಬರ್ ಗಟ್ಟಿಯಾಗಿದ್ದರೆ ಒದ್ದೆಯಲ್ಲಿ ಹಿಡಿಯುವುದಿಲ್ಲ. ನಾಲ್ಕೂ ಟೈರ್‌ನದ್ದು ಬರೆದು ಹಾಕಿ.

ಕಟಪಾಡಿ_ಹ್ಯಾಚ್‌ಬ್ಯಾಕ್

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ ಅಳೆಸಿಕೊಂಡು ಬಂದೆ.

ಹೊಸದು ಎರಡೇ. ಅಂಗಡಿಯವರು ಎರಡನ್ನೂ ಮುಂದೆ ಹಾಕಿದರು, "ಮುಂದೆ ಎಂಜಿನ್ ಭಾರ, ಸ್ಟೇರಿಂಗ್, ಬ್ರೇಕ್ ಎಲ್ಲ ಅಲ್ಲೇ, ಹೊಸದು ಅಲ್ಲೇ ಇರಲಿ" ಎಂದರು. ಮುಂದೆ ಎರಡೂ 7.5 ಮಿಮೀ. ಹಿಂದೆ ಬಲ 2.6, ಎಡ 2.4, ಎಡಗಡೆಯದ್ದರ ಒಳಬದಿ 2.0. ಹಿಂದಿನ ಎರಡರದ್ದೂ 2019ರ ತಾರೀಕು, ಕಾರಿನ ಜೊತೆ ಬಂದದ್ದು. ಗಾಳಿ ನಾಲ್ಕಕ್ಕೂ 33 ಪಿಎಸ್‌ಐ ಉಂಟು. ಭಾವನಿಗೆ ಫೋನ್ ಮಾಡಿ ಕೇಳಿದೆ, ಅವರು ನಾಲ್ಕೂ ಒಟ್ಟಿಗೆ ಹಾಕಿಸಿದ್ದಂತೆ.

ಹಾಗಾದರೆ ಕಾರಣ ಹಿಂದಿನ ಟೈರ್ ಎಂದೇ ಲೆಕ್ಕವಾ? ಆದರೆ ಹಿಂದಿನದ್ದು ಇನ್ನೂ 1.6ಕ್ಕೆ ಬಂದಿಲ್ಲವಲ್ಲ. ಹೊಸ ಟೈರ್ ಹಾಕುವ ಮೊದಲು, ಮುಂದೆಯೂ ಹಳೆಯದೇ ಇದ್ದಾಗ ಹೀಗೆ ಆಗುತ್ತಿರಲಿಲ್ಲ. ಟೈರ್ ಒಳ್ಳೆಯದಾದ ಮೇಲೆ ಕಾರು ಕೆಟ್ಟದ್ದಾಯಿತು, ಇದು ಹೇಗೆ ಸಾಧ್ಯ?

ಹೆಮ್ಮಾಡಿ_ರಿಗ್

ನಿಮ್ಮ ಕೊನೆಯ ಸಾಲಿನಲ್ಲೇ ಇಡೀ ವಿಷಯ ಉಂಟು. ಟೈರ್ ಒಳ್ಳೆಯದಾಯಿತು, ಕಾರು ಕೆಟ್ಟದ್ದಾಯಿತು. ಟೈರನ್ನು ಒಂಟಿಯಾಗಿ ಎಷ್ಟೇ ಚೆನ್ನಾಗಿ ಪರೀಕ್ಷೆ ಮಾಡಿದರೂ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ತೊಂದರೆ ಇರುವುದು ಮುಂದಿನ ಮತ್ತು ಹಿಂದಿನ ಹಿಡಿತದ ವ್ಯತ್ಯಾಸದಲ್ಲಿ.

ನಾಲ್ಕೂ ಸವೆದಿದ್ದಾಗ ನಿಮ್ಮ ಕಾರಿನ ಮುಂಭಾಗವೂ ಬೇಗ ಜಾರುತ್ತಿತ್ತು. ಅಂದರೆ ತಿರುವಿನಲ್ಲಿ ಕಾರು ಸ್ವಲ್ಪ ನೇರಕ್ಕೆ ಹೋಗಲು ನೋಡುತ್ತದೆ, ಸ್ಟೇರಿಂಗ್ ಹಗುರ ಆಗುತ್ತದೆ, ಯಾರೇ ಆದರೂ ಸಹಜವಾಗಿ ನಿಧಾನ ಮಾಡುತ್ತಾರೆ. ಈಗ ಮುಂದೆ 7.5 ಮಿಮೀ, ನೀರನ್ನು ಸಲೀಸಾಗಿ ಹೊರಗೆ ತಳ್ಳುತ್ತದೆ, ನೀವು ತಿರುಗಿಸಿದ ಕೂಡಲೇ ಮೂತಿ ತಿರುಗುತ್ತದೆ. ಹಿಂದೆ 2.4, ಅದಕ್ಕೆ ನೀರು ತಳ್ಳಲು ಜಾಗ ಇಲ್ಲ. ಮೇಲಿಂದ ನೀವು ಆಕ್ಸಿಲರೇಟರ್ ಬಿಟ್ಟಾಗ ಭಾರ ಮುಂದಕ್ಕೆ ಹೋಗುತ್ತದೆ, ಹಿಂದಿನ ಚಕ್ರ ಇನ್ನೂ ಹಗುರ. ಆಗ ಹಿಂಬದಿ ಹೊರಗೆ ಸರಿಯುತ್ತದೆ. ಮೊದಲು ಬರೆದದ್ದು ನೆನಪು ಮಾಡಿಕೊಳ್ಳಿ, ಮುಂದಿನ ಟೈರ್ ಜಾರುವುದು ಸ್ಟೇರಿಂಗ್ ಮೂಲಕ ಕೈಗೆ ಗೊತ್ತಾಗುತ್ತದೆ. ಹಿಂದಿನದ್ದಕ್ಕೆ ಸ್ಟೇರಿಂಗ್ ಜೊತೆ ಸಂಬಂಧವೇ ಇಲ್ಲ. ಕಾರು ತಿರುಗಲು ಶುರುವಾದ ಮೇಲೆಯೇ ನಿಮಗೆ ಗೊತ್ತಾಗುವುದು. ಅದಕ್ಕೇ ಎರಡೇ ಹೊಸ ಟೈರ್ ಹಾಕಿಸುವುದಾದರೆ ಅದನ್ನು ಹಿಂದೆ ಹಾಕಬೇಕು.

ಈಗ ಕಾರಿನ ಜೊತೆ ಸೇರಿಸಿ ಮಾಡುವ ಪರೀಕ್ಷೆ. ಟ್ರ್ಯಾಕ್ ಮೇಲೆ ನಿಜವಾದ ಕಾರು ಓಡಿಸುವುದು ಒಂದು ದಾರಿ. ಇಂದೋರ್ ಹತ್ತಿರ ಪಿತಾಂಪುರದಲ್ಲಿ ನ್ಯಾಟ್ರ್ಯಾಕ್ಸ್ ಎಂಬ ವಾಹನ ಪರೀಕ್ಷಾ ಕೇಂದ್ರ ಉಂಟು, 11.3 ಕಿಮೀ ಉದ್ದದ ಹೈಸ್ಪೀಡ್ ಟ್ರ್ಯಾಕ್ 2021ರಲ್ಲಿ ಉದ್ಘಾಟನೆ ಆಯಿತು. ಅದರ ಕಷ್ಟ ಏನೆಂದರೆ ಬಿಸಿಲು, ಗಾಳಿ, ನೀರಿನ ಆಳ ಯಾವುದೂ ಇವತ್ತಿದ್ದ ಹಾಗೆ ನಾಳೆ ಇರುವುದಿಲ್ಲ, ಕಾರು ತಯಾರಾಗಿಯೇ ಇರಬೇಕು, ಡ್ರೈವರ್ ಪ್ರತಿ ಸಲ ಒಂದೇ ರೀತಿ ತಿರುಗಿಸುವುದಿಲ್ಲ.

ಇನ್ನೊಂದು ದಾರಿ ಪೂರ್ತಿ ಕಂಪ್ಯೂಟರ್. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿದ್ದ ಹಾನ್ಸ್ ಪಾಸೆಯ್ಕ ಎಂಬ ಪ್ರೊಫೆಸರ್ ವೋಲ್ವೋದವರ ಜೊತೆ ಸೇರಿ 1987ರಲ್ಲಿ ಪ್ರಕಟಿಸಿದ ಸಮೀಕರಣವನ್ನು ಇವತ್ತಿಗೂ ಎಲ್ಲರೂ ಬಳಸುತ್ತಾರೆ, ಅದಕ್ಕೆ ಮ್ಯಾಜಿಕ್ ಫಾರ್ಮುಲಾ ಎಂದೇ ಹೆಸರು. ಬೆಲ್ಟ್ ಯಂತ್ರದಲ್ಲಿ ಬಂದ ಗ್ರಾಫ್‌ಗೆ ಆ ಸಮೀಕರಣವನ್ನು ಹೊಂದಿಸಿ, ಆ ಅಂಕಿಗಳನ್ನು ಕಾರಿನ ಲೆಕ್ಕಕ್ಕೆ ಕೊಡುವುದು. ಆದರೆ ಟೈರ್ ಬಿಸಿಯಾಗುವುದು, ಸವೆಯುವುದು, ಒಂದು ಕ್ಷಣದಲ್ಲಿ ಭಾರವೂ ತಿರುವೂ ಬ್ರೇಕೂ ಒಟ್ಟಿಗೆ ಬದಲಾಗುವುದು, ಇದೆಲ್ಲ ಸಮೀಕರಣದಲ್ಲಿ ಪೂರ್ತಿ ಹಿಡಿಯುವುದಿಲ್ಲ.

ಮೂರನೆಯ ದಾರಿ ನನಗೆ ತುಂಬಾ ಇಷ್ಟವಾದದ್ದು. ಟೈರ್ ನಿಜವಾದದ್ದು, ಬೆಲ್ಟ್ ಮೇಲೆ ಓಡುತ್ತಿರುತ್ತದೆ. ಕಾರು ಕಂಪ್ಯೂಟರ್ ಒಳಗೆ ಇರುತ್ತದೆ: ಅದರ ತೂಕ, ಭಾರದ ಕೇಂದ್ರ ಎಷ್ಟು ಎತ್ತರದಲ್ಲಿದೆ, ಚಕ್ರಗಳ ನಡುವಿನ ಅಂತರ, ಸ್ಪ್ರಿಂಗ್, ಸ್ಟೇರಿಂಗ್, ಎಲ್ಲವೂ ಲೆಕ್ಕದಲ್ಲಿ. ಲೇನ್ ಬದಲಿಸುವ ಪರೀಕ್ಷೆ ಎಂದಿಟ್ಟುಕೊಳ್ಳಿ. ಕಂಪ್ಯೂಟರ್ ಹೇಳುತ್ತದೆ, ಈ ಕ್ಷಣ ಮುಂದಿನ ಬಲಗಡೆಯ ಚಕ್ರದ ಮೇಲೆ ಇಷ್ಟು ಭಾರ, ಇಷ್ಟು ಡಿಗ್ರಿ ತಿರುವು, ಇಷ್ಟು ವಾಲು. ಯಂತ್ರ ಅದನ್ನು ನಿಜವಾದ ಟೈರ್ ಮೇಲೆ ಹಾಕುತ್ತದೆ. ಟೈರ್ ಎಷ್ಟು ಬಲದಿಂದ ತಿರುಗಿ ತಳ್ಳಿತು ಎನ್ನುವುದನ್ನು ಸೆನ್ಸರ್ ಅಳೆದು ವಾಪಸ್ ಕಂಪ್ಯೂಟರ್‌ಗೆ ಕೊಡುತ್ತದೆ, ಆ ಬಲದಿಂದ ಕಂಪ್ಯೂಟರ್ ಒಳಗಿನ ಕಾರು ಇನ್ನಷ್ಟು ತಿರುಗುತ್ತದೆ, ಅದರಿಂದ ಹೊಸ ಭಾರ, ಹೊಸ ಕೋನ. ಸಾಮಾನ್ಯವಾಗಿ ಒಂದೊಂದು ಮಿಲಿಸೆಕೆಂಡಿಗೆ ಒಮ್ಮೆ ಈ ಲೆಕ್ಕ ನಡೆಯುತ್ತದೆ. ಒಂದೋ ಎರಡೋ ಟೈರ್ ನಿಜವಾದದ್ದು ಇಟ್ಟು ಉಳಿದದ್ದನ್ನು ಸಮೀಕರಣದಿಂದ ತುಂಬಬಹುದು. ಬೇಕಿದ್ದರೆ ಸಸ್ಪೆನ್ಷನ್‌ನ ನಿಜವಾದ ಭಾಗಗಳನ್ನೂ ಯಂತ್ರಕ್ಕೆ ಜೋಡಿಸಬಹುದು. ಹೀಗೆ ಮಾಡಿದರೆ ಅದೇ ಟೈರನ್ನು ಬಿಚ್ಚದೆ ಬೆಳಿಗ್ಗೆ ಸೆಡಾನ್‌ಗೆ, ಮಧ್ಯಾಹ್ನ ಹ್ಯಾಚ್‌ಬ್ಯಾಕ್‌ಗೆ ಹಾಕಿದ ಹಾಗೆ ಪರೀಕ್ಷೆ ಮಾಡಬಹುದು, ಕಾರು ಇನ್ನೂ ತಯಾರೇ ಆಗಿರದಿದ್ದರೂ ನಡೆಯುತ್ತದೆ.

ಇದರಲ್ಲಿ ದೊಡ್ಡ ತಲೆನೋವು ತಡ. ಕಂಪ್ಯೂಟರ್ ಹೇಳಿದ ಕೂಡಲೇ ಹೈಡ್ರಾಲಿಕ್ ಸಿಲಿಂಡರ್ ಅಲ್ಲಿಗೆ ತಲುಪುವುದಿಲ್ಲ, ಸ್ವಲ್ಪ ಹಿಂದೆ ಬೀಳುತ್ತದೆ. ಆ ಸಣ್ಣ ತಡ ಕಾರಿಗೆ ಇಲ್ಲದ ಅಲುಗಾಟವನ್ನು ಲೆಕ್ಕದೊಳಗೆ ಹುಟ್ಟಿಸುತ್ತದೆ. ಅದನ್ನು ಸರಿಪಡಿಸುವುದರಲ್ಲೇ ನಮ್ಮಂಥವರ ಅರ್ಧ ದಿನ ಹೋಗುತ್ತದೆ.

ಸುರತ್ಕಲ್_ಫಾರ್ಮುಲಾ

ಹೆಮ್ಮಾಡಿ ಅಣ್ಣ, ಸೂಪರ್ ಆಗಿ ಬರೆದಿದ್ದೀರಿ. ನಾನು ಎಂಜಿನಿಯರಿಂಗ್ ವಿದ್ಯಾರ್ಥಿ, ಕಾಲೇಜಿನ ಫಾರ್ಮುಲಾ ಸ್ಟೂಡೆಂಟ್ (ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟುವ ಸ್ಪರ್ಧೆ) ತಂಡದಲ್ಲಿ ಸಸ್ಪೆನ್ಷನ್ ನೋಡಿಕೊಳ್ಳುತ್ತೇನೆ. ಎರಡು ವಿಷಯ ಸೇರಿಸುತ್ತೇನೆ.

ವಿದ್ಯಾರ್ಥಿ ತಂಡಗಳಿಗೆ ಟೈರ್ ಡೇಟಾ ಸಿಗಲಿ ಎಂದೇ ಒಂದು ಕೂಟ ಉಂಟು. ತಂಡಗಳು ದುಡ್ಡು ಸೇರಿಸಿ ಕ್ಯಾಲ್‌ಸ್ಪಾನ್‌ನಲ್ಲಿ ಪರೀಕ್ಷೆ ಮಾಡಿಸಿ ಫಲಿತಾಂಶ ಹಂಚಿಕೊಳ್ಳುತ್ತವೆ. ಆ ಡೇಟಾ ತೆರೆದು ನೋಡಿದಾಗ ಹಿಡಿತ ನಂಬಲಾಗದಷ್ಟು ಜಾಸ್ತಿ ಕಾಣುತ್ತದೆ. ಕಾರಣ ಅಣ್ಣ ಹೇಳಿದ ಆ ಒರಟು ಪದರ. ಅದು ಒಣಗಿದ, ಸ್ವಚ್ಛ, ಹರಿತ ಮೇಲ್ಮೈ. ನಿಜವಾದ ಡಾಂಬರಿಗೆ ಇಳಿಸುವಾಗ ತಂಡಗಳು ಆ ಅಂಕಿಯನ್ನು ಸುಮಾರು ಮೂರನೇ ಎರಡು ಭಾಗಕ್ಕೆ ಇಳಿಸಿಕೊಳ್ಳುತ್ತವೆ. ಅಂದರೆ ಲ್ಯಾಬ್ ಅಂಕಿಯನ್ನು ಹಾಗೆಯೇ ಹೆದ್ದಾರಿಗೆ ತರಬಾರದು, ಎರಡು ಟೈರ್‌ಗಳ ನಡುವಿನ ಹೋಲಿಕೆಗೆ ಮಾತ್ರ ಅದು ಗಟ್ಟಿ. ಜರ್ಮನಿಯ ಕಾರ್ಲ್ಸ್‌ರೂಹೆ ತಾಂತ್ರಿಕ ವಿದ್ಯಾಲಯದಲ್ಲಿ ಇದಕ್ಕೆ ಬೇರೆಯೇ ಉಪಾಯ ಮಾಡಿದ್ದಾರೆ: 3.8 ಮೀಟರ್ ವ್ಯಾಸದ ಡ್ರಮ್, ಅದರ ಒಳಮೈಗೆ ನಿಜವಾದ ಡಾಂಬರು ಹಾಕಿ, ಟೈರನ್ನು ಡ್ರಮ್ ಒಳಗೆ ಓಡಿಸುತ್ತಾರೆ. ಡ್ರಮ್ ತಿರುಗುವಾಗ ನೀರು ಒಳಮೈಗೆ ಅಂಟಿಕೊಂಡು ನಿಲ್ಲುತ್ತದೆ, ಹಾಗಾಗಿ ಒದ್ದೆ ರಸ್ತೆಯ ಪರೀಕ್ಷೆ ಒಳಾಂಗಣದಲ್ಲೇ ಆಗುತ್ತದೆ.

ಎರಡನೆಯದು ಗಾಳಿ ಮತ್ತು ನೀರಿನ ಸಂಬಂಧ. ನಾಸಾದವರು 1963ರಲ್ಲಿ ವಿಮಾನದ ಟೈರ್‌ಗಳ ಮೇಲೆ ಮಾಡಿದ ಕೆಲಸದಿಂದ ಒಂದು ಸರಳ ಸೂತ್ರ ಬಂತು. ಗಾಳಿಯ ಒತ್ತಡವನ್ನು ಪಿಎಸ್‌ಐನಲ್ಲಿ ತೆಗೆದುಕೊಂಡು ವರ್ಗಮೂಲ ಮಾಡಿ 9ರಿಂದ ಗುಣಿಸಿದರೆ, ಟೈರ್ ನೀರಿನ ಮೇಲೆ ಪೂರ್ತಿ ತೇಲುವ ವೇಗ ನಾಟ್ ಲೆಕ್ಕದಲ್ಲಿ ಸಿಗುತ್ತದೆ, ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಮೀ. 33 ಪಿಎಸ್‌ಐಗೆ ಅದು ಸುಮಾರು 96 ಕಿಮೀ, 24ಕ್ಕೆ ಇಳಿದರೆ ಸುಮಾರು 82 ಕಿಮೀ. ಇದು ನೀರಿನ ಆಳ ಟ್ರೆಡ್‌ಗಿಂತ ಜಾಸ್ತಿ ಇದ್ದಾಗಿನ ಲೆಕ್ಕ, ಕಾರಿಗೆ ಅಂದಾಜು ಮಾತ್ರ. ಆದರೆ ನೋಡಿ, ಟ್ರೆಡ್ 2 ಮಿಮೀ ಇದ್ದರೆ ನೀರಿನ ಆಳ ಟ್ರೆಡ್‌ಗಿಂತ ಜಾಸ್ತಿ ಆಗಲು ಎಷ್ಟು ಹೊತ್ತು? ಜುಲೈಯಲ್ಲಿ ಹೆದ್ದಾರಿಯ ಚಕ್ರದ ಗಾಡಿಗೆರೆಗಳಲ್ಲಿ ನೀರು ಅದಕ್ಕಿಂತ ಜಾಸ್ತಿಯೇ ನಿಂತಿರುತ್ತದೆ.

ಅಣ್ಣನಿಗೆ ಒಂದು ಪ್ರಶ್ನೆ. ಕಂಪ್ಯೂಟರ್ ಕಾರು ಮತ್ತು ನಿಜವಾದ ಟೈರ್ ಸೇರಿಸಿ ಮಾಡುವಾಗ ಟೈರ್ ತಡವಾಗಿ ಪ್ರತಿಕ್ರಿಯಿಸುವುದೂ ಉಂಟಲ್ಲ, ಅದಕ್ಕೂ ಯಂತ್ರದ ತಡಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ?

ಹೆಮ್ಮಾಡಿ_ರಿಗ್

@ಸುರತ್ಕಲ್_ಫಾರ್ಮುಲಾ ಒಳ್ಳೆ ಪ್ರಶ್ನೆ ತಮ್ಮ. ಟೈರ್‌ನ ತಡ ದೂರದ ಲೆಕ್ಕದಲ್ಲಿ ಇರುತ್ತದೆ. ತಿರುಗಿಸಿದ ಮೇಲೆ ಬದಿಯ ಬಲ ಪೂರ್ತಿ ಬರಲು ಟೈರ್ ಇಷ್ಟು ದೂರ ಉರುಳಬೇಕು ಎಂದು ಉಂಟು. ಬೆಲ್ಟ್ ವೇಗ ದುಪ್ಪಟ್ಟು ಮಾಡಿದರೆ ಅದೇ ದೂರಕ್ಕೆ ಅರ್ಧ ಸಮಯ. ಹೈಡ್ರಾಲಿಕ್‌ನ ತಡಕ್ಕೆ ಬೆಲ್ಟ್ ವೇಗದ ಹಂಗಿಲ್ಲ, ಅದು ಬದಲಾಗುವುದಿಲ್ಲ. ಬೇರೆ ಬೇರೆ ವೇಗದಲ್ಲಿ ಅದೇ ಪರೀಕ್ಷೆ ಮಾಡಿ ಬಿಡಿಸಿಕೊಳ್ಳಬಹುದು.

ಪಂಪ್‌ವೆಲ್_ಟ್ಯಾಕ್ಸಿ

ಎಲ್ಲ ಓದಿದೆ, ತುಂಬಾ ವಿಷಯ ತಿಳಿಯಿತು. ಆದರೆ ಹೊಸ ಟೈರ್ ಹಿಂದೆ ಹಾಕಬೇಕು ಎನ್ನುವುದನ್ನು ನಾನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಬ್ರೇಕ್ ಹಿಡಿದಾಗ ಭಾರ ಎಲ್ಲ ಮುಂದೆ. ಘಾಟಿ ಇಳಿಯುವಾಗ ಮುಂದಿನ ಟೈರೇ ಗಾಡಿಯನ್ನು ನಿಲ್ಲಿಸುವುದು. ಮುಂದಿನದ್ದು ಒಡೆದರೆ ಸ್ಟೇರಿಂಗ್ ಎಳೆದುಕೊಂಡು ಹೋಗುತ್ತದೆ. ನಮ್ಮ ಸ್ಟ್ಯಾಂಡಿನಲ್ಲಿ ಎಲ್ಲರೂ ಹೊಸದು ಮುಂದೆಯೇ ಹಾಕಿಸುವುದು.

ಕಾರ್ಕಳ_ಟೈರ್‌ನವ

ಅಣ್ಣ, ನೀವು ಹೇಳುವುದರಲ್ಲಿ ಅರ್ಥ ಉಂಟು, ಎರಡು ಮಿಲಿಮೀಟರ್ ಇರುವ ಟೈರನ್ನು ಮುಂದೆ ಹಾಕಿ ಘಾಟಿ ಇಳಿಯಿರಿ ಎಂದು ಯಾರೂ ಹೇಳುವುದಿಲ್ಲ. ಅಂಥ ಟೈರ್ ಯಾವ ಕಡೆಗೂ ಬೇಡ. ಮಾತು ಇರುವುದು ಎರಡು ಜೊತೆಯೂ ಬಳಸುವಂತಿದ್ದಾಗ ಜಾಸ್ತಿ ಟ್ರೆಡ್ ಇರುವುದು ಎಲ್ಲಿ ಎನ್ನುವುದರ ಬಗ್ಗೆ. ಟೈರ್ ಕಂಪನಿಗಳ ಸಲಹೆಯೂ ಹಿಂದೆ ಎಂದೇ ಇರುತ್ತದೆ, ಮುಂದಿನ ಚಕ್ರ ಎಳೆಯುವ ಕಾರಾದರೂ, ಹಿಂದಿನ ಚಕ್ರ ತಳ್ಳುವ ಗಾಡಿಯಾದರೂ. ಮುಂದೆ ಜಾರಿದರೆ ಕಾಲು ತೆಗೆದು ನಿಧಾನ ಮಾಡಬಹುದು, ಕಾರು ನೇರಕ್ಕೆ ನಿಲ್ಲುತ್ತದೆ. ಹಿಂದೆ ಜಾರಿದಾಗ ಕಾಲು ತೆಗೆದರೆ ಇನ್ನೂ ಜಾಸ್ತಿ ತಿರುಗುತ್ತದೆ, ಕಟಪಾಡಿಯವರಿಗೆ ಆಗುತ್ತಿರುವುದೇ ಅದು.

ಅಂಗಡಿಯವರು ಮುಂದೆ ಹಾಕುವುದಕ್ಕೆ ಇನ್ನೊಂದು ಕಾರಣವೂ ಉಂಟು. ಮುಂದಿನದ್ದು ಬೇಗ ಸವೆಯುತ್ತದೆ, ಹಾಗಾಗಿ ಸವೆದದ್ದನ್ನು ಬಿಚ್ಚಿ ಅಲ್ಲೇ ಹೊಸದು ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ. ಹಿಂದಿನದ್ದನ್ನು ಮುಂದೆ ತಂದು ಹೊಸದನ್ನು ಹಿಂದೆ ಹಾಕುವುದೆಂದರೆ ನಾಲ್ಕು ಚಕ್ರ ಬಿಚ್ಚಬೇಕು, ನಾಲ್ಕರದ್ದೂ ಬ್ಯಾಲೆನ್ಸಿಂಗ್ ನೋಡಬೇಕು. ಗಿರಾಕಿ ಅವಸರದಲ್ಲಿರುತ್ತಾರೆ. ಸರಿಯಾದ ಕಾಲಕ್ಕೆ ಚಕ್ರ ಅದಲು ಬದಲು ಮಾಡಿಸುತ್ತಾ ಬಂದರೆ ನಾಲ್ಕೂ ಒಟ್ಟಿಗೆ ಸವೆಯುತ್ತದೆ, ಈ ತರ್ಕವೇ ಬರುವುದಿಲ್ಲ.

ಕಟಪಾಡಿಯವರೇ, ನಿಮ್ಮ ಹಿಂದಿನ ಎಡದ್ದರ ಒಳಬದಿ 2.0 ಉಂಟು ಎಂದಿರಿ. ಹೊರಗಿಂತ ಒಳಗೆ ಜಾಸ್ತಿ ಸವೆದಿದೆ ಎಂದರೆ ಹಿಂದಿನ ಆಕ್ಸಲ್ ಅಥವಾ ಅದರ ಬುಶ್ ಏನಾದರೂ ಏರುಪೇರು ಆಗಿರಬಹುದು, ಹೊಂಡಕ್ಕೆ ಬಿದ್ದು ಬಗ್ಗಿರಲೂಬಹುದು. ಅಲೈನ್‌ಮೆಂಟ್ ಮಾಡಿಸುವಾಗ ಹಿಂದಿನ ಚಕ್ರದ ಅಂಕಿಗಳ ಪ್ರಿಂಟ್ ಕೇಳಿ ತೆಗೆದುಕೊಳ್ಳಿ. ಎಷ್ಟೋ ಕಡೆ ಮುಂದಿನದ್ದು ಮಾತ್ರ ಸರಿ ಮಾಡಿ ಕಳಿಸುತ್ತಾರೆ.

ಕಟಪಾಡಿ_ಹ್ಯಾಚ್‌ಬ್ಯಾಕ್

ಈಗ ಅರ್ಥ ಆಯಿತು. ಹಿಂದಿನ ಎರಡನ್ನು ತೆಗೆಸಿ ಅದೇ ಮಾದರಿಯ ಇನ್ನೆರಡು ಹೊಸದು ಹಾಕಿಸುತ್ತೇನೆ. ಅದು ಆಗುವ ತನಕ ಅಮ್ಮನನ್ನು, ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಸುವುದಿಲ್ಲ. ಹಿಂದಿನ ಅಲೈನ್‌ಮೆಂಟ್ ಪ್ರಿಂಟ್ ಸಹ ಕೇಳುತ್ತೇನೆ. ಎಲ್ಲರಿಗೂ ತುಂಬಾ ಉಪಕಾರ ಆಯಿತು.

ಪಂಪ್‌ವೆಲ್_ಟ್ಯಾಕ್ಸಿ

ಸರಿ, ಕಾರ್ಕಳದವರು ಹೇಳಿದ್ದು ಒಪ್ಪುತ್ತೇನೆ. ಹಾಗಾದರೆ ನನ್ನದೂ ಒಂದು ಪ್ರಶ್ನೆ. ನನ್ನದು ಏಳು ಸೀಟಿನ ಗಾಡಿ. ಧರ್ಮಸ್ಥಳ, ಸುಬ್ರಹ್ಮಣ್ಯ, ಕೊಲ್ಲೂರು ಟ್ರಿಪ್ ಎಂದರೆ ಜನ ತುಂಬಿರುತ್ತಾರೆ, ಕ್ಯಾರಿಯರ್ ಮೇಲೆ ಲಗೇಜ್ ಬೇರೆ. ಭಾರ ಜಾಸ್ತಿ ಇದ್ದರೆ ಟೈರ್ ರಸ್ತೆಗೆ ಗಟ್ಟಿ ಒತ್ತುತ್ತದೆ, ಹಿಡಿತವೂ ಜಾಸ್ತಿ ಆಗಬೇಕಲ್ವಾ? ಆದರೆ ತುಂಬಿದ ಗಾಡಿ ತಿರುವಿನಲ್ಲಿ ಹಾಗೆ ಇರುವುದಿಲ್ಲ. ಇದನ್ನು ಲ್ಯಾಬ್‌ನಲ್ಲಿ ನೋಡುತ್ತಾರಾ?

ಹೆಮ್ಮಾಡಿ_ರಿಗ್

ನೋಡುತ್ತಾರೆ ಅಣ್ಣ. ಬೆಲ್ಟ್ ಯಂತ್ರದಲ್ಲಿ ಮೊದಲು ಮಾಡುವುದೇ ಬೇರೆ ಬೇರೆ ಭಾರದಲ್ಲಿ ಅದೇ ಪರೀಕ್ಷೆ. ಭಾರ ಜಾಸ್ತಿ ಆದಾಗ ಹಿಡಿತದ ಬಲ ಏರುತ್ತದೆ, ಆದರೆ ಭಾರ ಏರಿದಷ್ಟು ಏರುವುದಿಲ್ಲ. ದುಪ್ಪಟ್ಟು ಭಾರಕ್ಕೆ ದುಪ್ಪಟ್ಟು ಹಿಡಿತ ಸಿಗುವುದಿಲ್ಲ, ಕಡಿಮೆ ಸಿಗುತ್ತದೆ. ಗಾಡಿಯನ್ನು ತಿರುಗಿಸಲು ಮಾತ್ರ ಭಾರಕ್ಕೆ ತಕ್ಕಷ್ಟೇ ಬಲ ಬೇಕು. ಅಲ್ಲೇ ಕೊರತೆ ಬೀಳುವುದು.

ಕ್ಯಾರಿಯರ್ ಮೇಲಿನ ಲಗೇಜ್ ಇನ್ನೊಂದು ತೊಂದರೆ ಸೇರಿಸುತ್ತದೆ. ಭಾರದ ಕೇಂದ್ರ ಮೇಲಕ್ಕೆ ಹೋಗುತ್ತದೆ, ತಿರುವಿನಲ್ಲಿ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಜಾಸ್ತಿ ಭಾರ ಸಾಗುತ್ತದೆ. ಹೊರಗಿನದ್ದಕ್ಕೆ ಸೇರಿದ ಭಾರಕ್ಕೆ ಪೂರ್ತಿ ಹಿಡಿತ ಸಿಗುವುದಿಲ್ಲ, ಒಳಗಿನದ್ದು ಕಳೆದುಕೊಂಡದ್ದೇ ಜಾಸ್ತಿ. ಎರಡೂ ಸೇರಿಸಿದರೆ ಆ ಆಕ್ಸಲ್‌ನ ಒಟ್ಟು ಹಿಡಿತ ಇಳಿಯುತ್ತದೆ. ಕಾರಿನ ಜೊತೆ ಸೇರಿಸಿ ಪರೀಕ್ಷೆ ಮಾಡುವಾಗ ಕಂಪ್ಯೂಟರ್‌ನಲ್ಲಿ ಒಂದು ಅಂಕಿ ಬದಲಿಸಿ ಛಾವಣಿ ಮೇಲೆ ಲಗೇಜ್ ಇಟ್ಟ ಹಾಗೆ ನೋಡಬಹುದು, ಟ್ರ್ಯಾಕ್‌ನಲ್ಲಿ ಅದನ್ನು ಮಾಡಲು ಹೋದರೆ ಗಾಡಿ ಮಗುಚುವ ಅಪಾಯ ಉಂಟು.

ನೀವು ಮಾಡಬಹುದಾದ್ದು: ಭಾರದ ಬ್ಯಾಗ್‌ಗಳನ್ನು ಆದಷ್ಟು ಒಳಗೆ, ಕೆಳಗೆ ಇಡಿ, ಕ್ಯಾರಿಯರ್ ಮೇಲೆ ಹಗುರದ್ದು ಮಾತ್ರ. ಟೈರ್ ಬದಲಿಸುವಾಗ ಲೋಡ್ ಸಂಖ್ಯೆ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಹಾಕಿಸಬೇಡಿ. 88 ಎಂದರೆ ಒಂದು ಟೈರ್‌ಗೆ 560 ಕಿಲೋ, 91 ಎಂದರೆ 615. ಡ್ರೈವರ್ ಬಾಗಿಲು ತೆರೆದಾಗ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ, ಎಷ್ಟೋ ಗಾಡಿಗಳಲ್ಲಿ ಕಡಿಮೆ ಜನಕ್ಕೆ ಒಂದು ಗಾಳಿ, ಪೂರ್ತಿ ತುಂಬಿದಾಗ ಹಿಂದಿನ ಚಕ್ರಕ್ಕೆ ಬೇರೆ ಗಾಳಿ ಎಂದು ಬರೆದಿರುತ್ತದೆ. ಟ್ರಿಪ್ ಹೊರಡುವ ಮೊದಲು, ಟೈರ್ ತಣ್ಣಗಿರುವಾಗ ಅಷ್ಟು ಹಾಕಿಸಿ. ಓಡಿ ಬಿಸಿಯಾದ ಮೇಲೆ ಮೀಟರ್ ಜಾಸ್ತಿ ತೋರಿಸುತ್ತದೆ, ಆಗ ಗಾಳಿ ಬಿಡಿಸಲು ಹೋಗಬೇಡಿ.